ಹೂವು ಉದುರುತ್ತಿದೆ, ಎಲೆ ಮುರುಟುತ್ತಿದೆ: ಬೇಸಿಗೆ ತರಕಾರಿಯ ಪ್ರಶ್ನೋತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಮೆಣಸಿನ ಗಿಡದ್ದೇ. ಉಳಿದವು ಟೊಮೇಟೊ, ಬದನೆ, ಬೆಂಡೆ, ಬಳ್ಳಿ ತರಕಾರಿಗಳದ್ದು. ಹೆಚ್ಚುಕಮ್ಮಿ ಎಲ್ಲರೂ ಕೇಳಿರುವುದು ಒಂದೇ, "ಏನು ಹಾಕಲಿ?" ಅಂತ. ಅರ್ಧಕ್ಕರ್ಧ ಜನರಿಗೆ ನನ್ನ ಉತ್ತರ, ಸದ್ಯಕ್ಕೆ ಏನೂ ಹಾಕಬೇಡಿ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಪ್ರಶ್ನೆ: ಮೆಣಸಿನ ಗಿಡ ಸೊಂಟದೆತ್ತರ ಬೆಳೆದಿದೆ, ಎಲೆ ಕಡು ಹಸಿರು, ನೋಡೋಕೆ ಚೆನ್ನಾಗಿದೆ. ದಿನಾ ಹೂ ಬಿಡುತ್ತದೆ, ದಿನಾ ಉದುರಿಸುತ್ತದೆ. ಹದಿನೈದು ದಿನಕ್ಕೊಮ್ಮೆ ಗೊಬ್ಬರ ಹಾಕುತ್ತೇನೆ, ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರೂ ಕೊಡುತ್ತೇನೆ. ಇನ್ನೇನು ಕಡಿಮೆಯಾಗಿದೆ?

ಕಡಿಮೆಯಾಗಿಲ್ಲ, ಜಾಸ್ತಿಯಾಗಿದೆ. ಗೊಬ್ಬರವೂ ಜಾಸ್ತಿ, ಬಿಸಿಲೂ ಜಾಸ್ತಿ.

ಮೊದಲು ಬಿಸಿಲಿನ ವಿಷಯ. ಮೆಣಸಿನ ಗಿಡಕ್ಕೆ ಸೆಕೆ ಇಷ್ಟ ಅನ್ನೋದು ನಿಜ, ಆದರೆ ಅದಕ್ಕೂ ಒಂದು ಮಿತಿ ಇದೆ. ಹಗಲು 32–35 ಡಿಗ್ರಿ ಸೆಲ್ಸಿಯಸ್ ದಾಟಿ, ರಾತ್ರಿಯೂ 24ಕ್ಕಿಂತ ಕೆಳಗೆ ಇಳಿಯದೇ ಹೋದರೆ ಹೂವಿನ ಪರಾಗ ಸರಿಯಾಗಿ ಕೆಲಸ ಮಾಡುವುದಿಲ್ಲ, ಕಾಯಿ ಕಟ್ಟುವುದಿಲ್ಲ, ಕಾಯಿ ಕಟ್ಟದ ಹೂವನ್ನು ಗಿಡ ಇಟ್ಟುಕೊಳ್ಳುವುದೂ ಇಲ್ಲ. ಉದುರಿದ ಒಂದು ಹೂವನ್ನು ಎತ್ತಿ ನೋಡಿ. ತೊಟ್ಟು ಹಳದಿಯಾಗಿ, ಗೆಣ್ಣಿನ ಹತ್ತಿರ ಸಲೀಸಾಗಿ ಕಳಚಿಕೊಂಡಿರುತ್ತದೆ, ಹರಿದ ಗುರುತು ಇರುವುದಿಲ್ಲ. ಅಂದರೆ ಗಿಡವೇ ಬಿಟ್ಟುಕೊಟ್ಟಿದೆ. ಕಚ್ಚಿದ, ಕೊರೆದ ಗುರುತು ಇದ್ದರೆ ಮಾತ್ರ ಹುಳದ ಮೇಲೆ ಅನುಮಾನ ಪಡಿ. ಹಗಲಿನ ಬಿಸಿಲನ್ನು ಎಲ್ಲರೂ ಗಮನಿಸುತ್ತಾರೆ, ರಾತ್ರಿಯ ಸೆಕೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಕಾಯಿ ಕಟ್ಟುವ ವಿಷಯದಲ್ಲಿ ಅದೂ ಅಷ್ಟೇ ಮುಖ್ಯ.

ಇನ್ನು ಗೊಬ್ಬರ. ಎಲೆ ಕಡು ಹಸಿರು, ಗಿಡ ಸೊಂಪು, ಕಾಯಿ ಮಾತ್ರ ಇಲ್ಲ ಅಂದರೆ ಸಾರಜನಕ ಹೆಚ್ಚಾಗಿರುವ ಸಾಧ್ಯತೆ ಜಾಸ್ತಿ. ಸಾರಜನಕ ಸಿಕ್ಕಷ್ಟೂ ಗಿಡ ಎಲೆ, ಕೊಂಬೆ ಬೆಳೆಸಿಕೊಂಡು ಹೋಗುತ್ತದೆ. ಹೂ ಕಾಣಿಸಿಕೊಂಡ ಮೇಲೆ ಅಂಥ ಗೊಬ್ಬರ ನಿಲ್ಲಿಸಿಬಿಡಿ. ಬುಡಕ್ಕೆ ಒಂದೆರಡು ಹಿಡಿ ಎರೆಗೊಬ್ಬರ ಹಾಕಿ ಮಣ್ಣು ಕೆದಕಿದರೆ ತಿಂಗಳಿಗೆ ಸಾಕು. ಬಾಳೆಸಿಪ್ಪೆಯ ನೀರಿನಿಂದ ಕೆಡುಕೇನೂ ಇಲ್ಲ, ಹಾಗಂತ ಪವಾಡವೂ ಇಲ್ಲ. ಅದರಲ್ಲಿರುವುದು ಒಂದಿಷ್ಟು ಪೊಟ್ಯಾಷ್, ಅಷ್ಟೇ. ಸಿಪ್ಪೆಯನ್ನು ಕಾಂಪೋಸ್ಟ್ ಗುಂಡಿಗೇ ಹಾಕಿದರೆ ನಿಮ್ಮ ಕೆಲಸವೂ ಉಳಿಯುತ್ತದೆ, ಸೊಳ್ಳೆಯೂ ಬರುವುದಿಲ್ಲ.

ಈಗ ಮಾಡಬಹುದಾದ್ದು ಇಷ್ಟು. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗಿನ ಬಿಸಿಲಿಗೆ ನೆರಳು ಬಲೆ ಕಟ್ಟಿ, 30ರಿಂದ 50 ಶೇಕಡಾ ನೆರಳಿನದು ಸಾಕು, ಅದಕ್ಕಿಂತ ದಟ್ಟವಾದರೆ ಗಿಡ ಬೆಳಕು ಹುಡುಕಿಕೊಂಡು ಉದ್ದಕ್ಕೆ ಹೋಗುತ್ತದೆ. ಬುಡಕ್ಕೆ ತರಗೆಲೆಯೋ ಒಣಹುಲ್ಲೋ ಎರಡು ಮೂರು ಇಂಚು ದಪ್ಪಕ್ಕೆ ಹೊದಿಸಿ. ಬೆಳಗ್ಗೆ ಹೊತ್ತು ಗಿಡವನ್ನು ಮೆಲ್ಲಗೆ ಅಲ್ಲಾಡಿಸಿ, ಪರಾಗ ಉದುರಲು ಅನುಕೂಲ. ಆಮೇಲೆ ಕಾಯಿರಿ. ಸೆಕೆ ಇಳಿದ ಕೂಡಲೇ ಇದೇ ಗಿಡ ಕಾಯಿ ಹಿಡಿಯುತ್ತದೆ, ಆಗ ದಯವಿಟ್ಟು ಅದರ ಕೀರ್ತಿಯನ್ನು ಯಾವುದೋ ಬಾಟಲಿಗೆ ಕೊಡಬೇಡಿ.

ದಪ್ಪ ಕಾಯಿಯ ಕ್ಯಾಪ್ಸಿಕಂ ಈ ವಿಷಯದಲ್ಲಿ ಇನ್ನೂ ನಾಜೂಕು. ಸಣ್ಣ ಕಾಯಿಯ ಖಾರದ ತಳಿಗಳು ಸೆಕೆಯನ್ನು ಅದಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತವೆ. ಮೊದಲ ಸಲ ಬೆಳೆಸುವವರು ಸಣ್ಣ ಕಾಯಿಯದ್ದರಿಂದಲೇ ಶುರು ಮಾಡುವುದು ಒಳ್ಳೆಯದು.

ಪ್ರಶ್ನೆ: ಮೆಣಸಿನ ಗಿಡದ ತುದಿ ಎಲೆಗಳು ಮುರುಟಿಕೊಂಡಿವೆ. ಬೇವಿನ ಎಣ್ಣೆ ಹೊಡೆದೆ, ಮಜ್ಜಿಗೆ ಹೊಡೆದೆ, ಬೂದಿ ಹಾಕಿದೆ. ಏನೂ ಆಗಲಿಲ್ಲ. ಇದಕ್ಕೆ ಮದ್ದೇ ಇಲ್ಲವಾ?

ಮದ್ದು ಆಮೇಲೆ. ಎಲೆ ಯಾವ ಕಡೆಗೆ ಮುರುಟಿದೆ ಅಂತ ನೀವು ಬರೆದೇ ಇಲ್ಲವಲ್ಲ! ಎಲ್ಲ ಇರುವುದೇ ಅದರಲ್ಲಿ.

ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿಯ ಹಾಗೆ ಆಗಿದ್ದರೆ ಥ್ರಿಪ್ಸ್, ಅಂದರೆ ಎಲೆಯ ರಸ ಹೀರುವ ಪುಟ್ಟ ಕೀಟ. ಕೆಳಕ್ಕೆ ಮಡಚಿ, ದೋಣಿಯನ್ನು ಬೋರಲು ಹಾಕಿದ ಹಾಗಿದ್ದರೆ ಮೈಟ್ ನುಸಿ. ಇವೆರಡೂ ಅಲ್ಲದೆ ಎಲೆ ಚಿಕ್ಕದಾಗಿ, ನರಗಳ ನಡುವೆ ಹಳದಿಯಾಗಿ, ಗೆಣ್ಣುಗಳು ಹತ್ತಿರ ಹತ್ತಿರ ಬಂದು ಗಿಡವೇ ಗಿಡ್ಡವಾಗಿ ಪೊದೆ ಕಟ್ಟಿಕೊಂಡಿದ್ದರೆ ಅದು ಬಿಳಿ ನೊಣ ಹರಡುವ ವೈರಸ್, ಅಂದರೆ ಮುಟುರು ರೋಗ. ಎಷ್ಟೋ ಸಲ ಎರಡು ಮೂರು ಒಟ್ಟಿಗೇ ಇರುತ್ತವೆ, ಆಗ ಸ್ವಲ್ಪ ಗೊಂದಲವಾಗುತ್ತದೆ.

ಥ್ರಿಪ್ಸ್ ಇದೆಯೋ ಇಲ್ಲವೋ ಅಂತ ತಿಳಿಯೋದು ಸುಲಭ. ಒಂದು ಬಿಳಿ ಹಾಳೆಯನ್ನು ತುದಿ ಚಿಗುರಿನ ಕೆಳಗೆ ಹಿಡಿದು, ಚಿಗುರನ್ನು ಎರಡು ಮೂರು ಸಲ ಬೆರಳಿನಿಂದ ತಟ್ಟಿ. ಹಾಳೆಯ ಮೇಲೆ ಒಂದು ಮಿಲಿಮೀಟರ್ ಉದ್ದದ, ತೆಳ್ಳಗಿನ, ಹಳದಿಯೋ ಕಂದೋ ಬಣ್ಣದ ಗೆರೆಗಳು ಬೀಳುತ್ತವೆ. ಒಂದು ನಿಮಿಷ ನೋಡುತ್ತಾ ಇರಿ, ಗೆರೆಗಳು ನಡೆಯಲು ಶುರು ಮಾಡಿದರೆ ಅದು ಥ್ರಿಪ್ಸ್. ಹೂವಿನ ಒಳಗೂ ಇರುತ್ತವೆ, ಒಂದು ಹೂ ಬಿಡಿಸಿ ನೋಡಿ. ಮೈಟ್ ನುಸಿ ಹೀಗೆ ಕಾಣುವುದಿಲ್ಲ. ಅದು ಸುಮಾರು 0.2 ಮಿಲಿಮೀಟರ್, ಬರಿಗಣ್ಣಿಗೆ ಸಿಗುವುದೇ ಇಲ್ಲ, ಹೆಚ್ಚಾಗಿ ಎಳೆ ಎಲೆಗಳ ಕೆಳಗಡೆ ಇರುತ್ತದೆ. ಅದು ಕೂತ ಎಲೆಯ ಅಡಿಭಾಗ ಕಂದು ಮಿರುಗಿಗೆ ತಿರುಗಿ, ಮುಟ್ಟಿದರೆ ಗಡುಸಾಗಿರುತ್ತದೆ, ತೊಟ್ಟು ಮಾಮೂಲಿಗಿಂತ ಉದ್ದವಾಗಿರುತ್ತದೆ.

ಥ್ರಿಪ್ಸ್‌ಗೆ ಬೇವಿನ ಎಣ್ಣೆ ಕೆಲಸ ಮಾಡುತ್ತದೆ, ಆದರೆ ಒಂದು ಸಲ ಹೊಡೆದು ಸುಮ್ನೆ ಕೂತರೆ ಆಗುವುದಿಲ್ಲ. ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಎಣ್ಣೆ, ಎಣ್ಣೆ ನೀರಿನೊಂದಿಗೆ ಬೆರೆಯಲು ಬೇಕಾಗುವಷ್ಟು ದ್ರವ ಸೋಪು, ಅಂದರೆ ಕೆಲವೇ ಹನಿ. ಮೊದಲು ಒಂದು ಕೊಂಬೆಗೆ ಹೊಡೆದು ಒಂದೆರಡು ದಿನ ನೋಡಿ, ಎಲೆ ಸುಡದಿದ್ದರೆ ಇಡೀ ಗಿಡಕ್ಕೆ. ಸಂಜೆಯೇ ಹೊಡೆಯಬೇಕು, ಬಿಸಿಲಲ್ಲಿ ಎಣ್ಣೆ ಎಲೆಯನ್ನು ಸುಡುತ್ತದೆ. ಎಲೆಯ ಕೆಳಗಡೆ, ಚಿಗುರಿನ ಸಂದಿಗಳು ತೊಯ್ಯಬೇಕು. ಮೇಲೆ ಮೇಲೆ ಹೊಡೆದರೆ ಅದು ಬರೀ ಸಮಾಧಾನಕ್ಕೆ. ವಾರಕ್ಕೊಮ್ಮೆಯಂತೆ ಮೂರು ಸಲವಾದರೂ ಮಾಡಿ, ಯಾಕೆಂದರೆ ಮೊಟ್ಟೆಗಳು ಎಲೆಯೊಳಗೆ ಇರುತ್ತವೆ, ನಿಮ್ಮ ಎಣ್ಣೆ ಅಲ್ಲಿಗೆ ತಲುಪುವುದಿಲ್ಲ.

ಮೈಟ್ ನುಸಿಗೆ ನೀರಿನಲ್ಲಿ ಕರಗುವ ಗಂಧಕ ಚೆನ್ನಾಗಿ ಕೆಲಸ ಮಾಡುತ್ತದೆ, ಪ್ರಮಾಣ ಪೊಟ್ಟಣದ ಮೇಲೆ ಇರುತ್ತದೆ, ಅದನ್ನು ದಾಟಬೇಡಿ. ಎರಡು ಎಚ್ಚರಿಕೆ. 32 ಡಿಗ್ರಿಗಿಂತ ಜಾಸ್ತಿ ಬಿಸಿ ಇರುವ ದಿನ ಗಂಧಕ ಹೊಡೆದರೆ ಎಲೆ ಸುಡುತ್ತದೆ. ಹಾಗೇ ಬೇವಿನ ಎಣ್ಣೆ ಹೊಡೆದ ಮೇಲೆ ಗಂಧಕಕ್ಕೆ ಎರಡು ವಾರ ಅಂತರ ಬೇಕು, ಇವತ್ತು ಅದು, ನಾಳೆ ಇದು ಅಂತ ಮಾಡಿದರೆ ನುಸಿಗಿಂತ ಮೊದಲು ಗಿಡ ಸಾಯುತ್ತದೆ. ನೀವು ಈಗಾಗಲೇ ಎಣ್ಣೆ ಹೊಡೆದಿದ್ದೀರಿ, ಹಾಗಾಗಿ ತಡೆಯಿರಿ. ಅಷ್ಟರವರೆಗೆ ಮುರುಟಿದ ತುದಿಗಳನ್ನು ಕತ್ತರಿಸಿ ಚೀಲದಲ್ಲಿ ಕಟ್ಟಿ ಎಸೆಯಿರಿ.

ವೈರಸ್ ಆಗಿದ್ದರೆ ಮದ್ದಿಲ್ಲ. ಗಿಡ ಕಿತ್ತು ಹಾಕಿ. ಈ ಮಾತು ಯಾರಿಗೂ ಇಷ್ಟವಾಗುವುದಿಲ್ಲ, ಆದರೆ ಆ ಒಂದು ಗಿಡ ಉಳಿಸಲು ಹೋಗಿ ಬಿಳಿ ನೊಣದ ಮೂಲಕ ಪಕ್ಕದ ಗಿಡಗಳಿಗೂ ಹಂಚುತ್ತೀರಿ.

ಒಂದು ಮಾತು. ಒಮ್ಮೆ ಮುರುಟಿದ ಎಲೆ ಯಾವ ಮದ್ದಿಗೂ ನೇರವಾಗುವುದಿಲ್ಲ. "ಏನೂ ಆಗಲಿಲ್ಲ" ಅಂತ ನೀವು ಹಳೇ ಎಲೆ ನೋಡಿ ಹೇಳುತ್ತಿರಬಹುದು. ಹೊಸ ಚಿಗುರು ಹೇಗೆ ಬರುತ್ತಿದೆ ಅನ್ನೋದನ್ನು ಮಾತ್ರ ನೋಡಿ.

ಪ್ರಶ್ನೆ: ಟೊಮೇಟೊ ಗಿಡದ ಕೆಳಗಿನ ಎಲೆಗಳೂ ಸುರುಳಿ ಸುತ್ತಿವೆ. ಅದೂ ವೈರಸ್ಸಾ?

ಕೆಳಗಿನ ಹಳೇ ಎಲೆ ಮಾತ್ರ ಸುತ್ತಿಕೊಂಡು, ದಪ್ಪಗೆ ಚರ್ಮದಂತಾಗಿ, ಬಣ್ಣ ಹಸಿರಾಗೇ ಇದ್ದು, ತುದಿ ಚಿಗುರು ಚೆನ್ನಾಗಿದ್ದರೆ ಅಲ್ಲ. ಬಿಸಿಲಿಗೆ, ನೀರಿನ ಏರುಪೇರಿಗೆ, ಕೊಂಬೆಗಳನ್ನು ಜಾಸ್ತಿ ಚಿವುಟಿದ್ದಕ್ಕೆ ಟೊಮೇಟೊ ಹೀಗೆ ಮಾಡುತ್ತದೆ. ಫಸಲಿಗೆ ದೊಡ್ಡ ತೊಂದರೆಯಿಲ್ಲ. ಬಿಟ್ಟುಬಿಡಿ.

ಪ್ರಶ್ನೆ: ಕ್ಯಾಪ್ಸಿಕಂ ಪಕ್ಕದಲ್ಲೇ ಖಾರದ ಮೆಣಸಿನ ಗಿಡ ಇದೆ. ಹೀಗೆ ನೆಟ್ಟರೆ ಕ್ಯಾಪ್ಸಿಕಂ ಖಾರ ಆಗುತ್ತದೆ ಅಂತಾರೆ, ನಿಜವಾ?

ಈ ವರ್ಷದ ಕಾಯಿಗೆ ಏನೂ ಆಗುವುದಿಲ್ಲ. ಕಾಯಿಯ ತಿರುಳು, ಸಿಪ್ಪೆ, ಒಳಗಿನ ಬಿಳಿ ದಿಂಡು, ಎಲ್ಲ ತಾಯಿ ಗಿಡದ್ದೇ. ಪಕ್ಕದ ಗಿಡದ ಪರಾಗ ಬಂದರೆ ಬದಲಾಗುವುದು ಬೀಜ ಮಾತ್ರ. ಆ ಬೀಜ ಎತ್ತಿಟ್ಟು ಮುಂದಿನ ಸಲ ಬಿತ್ತಿದರೆ ಖಾರದ ಕ್ಯಾಪ್ಸಿಕಂ ಬರಬಹುದು. ಮಾತು ಹುಟ್ಟಿದ್ದು ಅಲ್ಲಿಂದಲೇ ಇರಬೇಕು.

ಖಾರ ಬೀಜದಲ್ಲಿದೆ ಅನ್ನೋದೂ ಇಂಥದ್ದೇ ನಂಬಿಕೆ. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ತಯಾರಾಗುವುದು ಬೀಜ ಅಂಟಿಕೊಂಡಿರುವ ಆ ಬಿಳಿ ದಿಂಡಿನಲ್ಲಿ, ಬೀಜಕ್ಕೆ ಬರೀ ಸವರಿಕೊಂಡಿರುತ್ತದೆ. ಕ್ಯಾಪ್ಸಿಕಂನಲ್ಲಿ ಅದು ತಯಾರಾಗುವುದೇ ಇಲ್ಲ. ಅಮೆರಿಕದ ಔಷಧ ತಜ್ಞ ವಿಲ್ಬರ್ ಸ್ಕೋವಿಲ್ 1912ರಲ್ಲಿ ಖಾರ ಅಳೆಯುವ ವಿಧಾನ ತಂದರು, ಈಗಲೂ ಬಳಕೆಯಲ್ಲಿರುವ ಆ ಮಾಪನದಲ್ಲಿ ಕ್ಯಾಪ್ಸಿಕಂಗೆ ಸಿಗುವುದು ಸೊನ್ನೆ.

ಇದೇ ಓದುಗರು ಮೆಣಸಿನಕಾಯಿ ಬಿಡಿಸಿ ಕೈ ಉರಿಯುವುದಕ್ಕೆ ಪರಿಹಾರ ಕೇಳಿದ್ದಾರೆ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಮೊದಲು ಅಡುಗೆ ಎಣ್ಣೆ ಸವರಿ ಒರೆಸಿ, ಆಮೇಲೆ ಸೋಪು. ಬಾಯಿ ಉರಿದರೆ ನೀರಲ್ಲ, ಹಾಲು. ಇನ್ನೊಂದು ವಿಷಯ, ಹಕ್ಕಿಗಳಿಗೆ ಈ ಖಾರ ಗೊತ್ತೇ ಆಗುವುದಿಲ್ಲ. ಹಣ್ಣಾದ ಮೆಣಸಿನಕಾಯಿ ಮಾಯವಾದರೆ ಅಕ್ಕಪಕ್ಕದವರ ಮೇಲೆ ಅನುಮಾನ ಪಡುವ ಮೊದಲು ಮೇಲೆ ನೋಡಿ.

ಪ್ರಶ್ನೆ: ಟೊಮೇಟೊ ಕಾಯಿಯ ಕೆಳಭಾಗ ಕಪ್ಪಗೆ, ಚಪ್ಪಟೆಯಾಗಿ ಕೊಳೆಯುತ್ತಿದೆ. ಕ್ಯಾಲ್ಸಿಯಂ ಕೊರತೆ ಅಂದರು. ಮೊಟ್ಟೆ ಚಿಪ್ಪು ಪುಡಿ ಮಾಡಿ ಹಾಕಿದೆ, ನಿಂತಿಲ್ಲ.

ಹೇಳಿದವರು ಅರ್ಧ ಸರಿ. ಕಾಯಿಗೆ ಕ್ಯಾಲ್ಸಿಯಂ ಸಾಲುತ್ತಿಲ್ಲ, ನಿಜ. ಆದರೆ ಸಾಮಾನ್ಯವಾಗಿ ಮಣ್ಣಿನಲ್ಲಿ ಅದು ಇದ್ದೇ ಇರುತ್ತದೆ. ಅದು ನೀರಿನ ಜೊತೆ ಹರಿದು ಮೇಲೆ ಹೋಗಬೇಕು. ಎರಡು ದಿನ ಕುಂಡ ಒಣಗಿಸಿ, ಮೂರನೇ ದಿನ ಬಕೆಟ್‌ಗಟ್ಟಲೆ ಸುರಿದರೆ ಆ ಹರಿವು ಕಡಿದು ಕಡಿದು ಹೋಗುತ್ತದೆ. ಎಲೆಗಳು ನೀರನ್ನು ಜಾಸ್ತಿ ಎಳೆದುಕೊಳ್ಳುತ್ತವೆ, ಕಾಯಿಯ ಪಾಲಿಗೆ ಬರುವುದು ಕಡಿಮೆ, ಅದರಲ್ಲೂ ಕಾಯಿಯ ತುದಿಗೆ. ಅದಕ್ಕೇ ತುದಿ ಕೊಳೆಯುತ್ತದೆ. ಕ್ಯಾಪ್ಸಿಕಂನಲ್ಲೂ ಇದೇ ಆಗುತ್ತದೆ.

ಮೊಟ್ಟೆ ಚಿಪ್ಪು ಮಣ್ಣಿನಲ್ಲಿ ಕರಗಲು ತಿಂಗಳುಗಟ್ಟಲೆ ಬೇಕು. ಈ ಸಲದ ಕಾಯಿಗೆ ಅದು ಮುಟ್ಟುವುದಿಲ್ಲ. ನೀರನ್ನು ಒಂದೇ ಹದಕ್ಕೆ ತನ್ನಿ, ಬುಡಕ್ಕೆ ಹೊದಿಕೆ ಹಾಕಿ, ಕೊಳೆತ ಕಾಯಿ ಕಿತ್ತು ಹಾಕಿ. ಇದು ರೋಗವಲ್ಲ, ಒಂದರಿಂದ ಇನ್ನೊಂದಕ್ಕೆ ಹರಡುವುದಿಲ್ಲ. ಆಮೇಲೆ ಬರುವ ಕಾಯಿ ಚೆನ್ನಾಗಿರುತ್ತವೆ.

ಪ್ರಶ್ನೆ: ಹಾಗಾದರೆ ಕುಂಡಕ್ಕೆ ದಿನಕ್ಕೆ ಎಷ್ಟು ಸಲ ನೀರು?

ಗಡಿಯಾರ ನೋಡಿ ನೀರು ಹಾಕಬೇಡಿ. ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗಿಳಿಸಿ. ಒಳಗೆ ತಂಪು, ತೇವ ಇದ್ದರೆ ಬೇಡ. ಒಣಗಿದ್ದರೆ ಕುಂಡದ ತಳದ ತೂತಿನಿಂದ ನೀರು ಹೊರಬರುವವರೆಗೆ ನಿಧಾನವಾಗಿ ಹಾಕಿ. ಮೇಲೆ ಮೇಲೆ ಚಿಮುಕಿಸಿದರೆ ಬೇರು ಮೇಲೆ ಮೇಲೇ ಉಳಿಯುತ್ತದೆ, ಮೊದಲು ಸುಡುವುದೂ ಅದೇ ಭಾಗ.

ಮಧ್ಯಾಹ್ನ ಎಲೆ ಜೋತು ಬಿದ್ದ ಕೂಡಲೇ ಚೊಂಬು ಹಿಡಿದು ಓಡಬೇಡಿ. ಬೇರು ಕೊಡುವುದಕ್ಕಿಂತ ಬೇಗ ಎಲೆಯಿಂದ ನೀರು ಆವಿಯಾಗುತ್ತಿರುತ್ತದೆ ಅಷ್ಟೇ. ಸಂಜೆ ತಾನಾಗಿ ಎದ್ದು ನಿಂತರೆ ಗಿಡ ಆರಾಮಾಗಿದೆ. ಬೆಳಗ್ಗೆ ಎದ್ದಾಗಲೂ ಜೋತುಬಿದ್ದೇ ಇದ್ದರೆ ಬಾಯಾರಿಕೆ. ಮಣ್ಣು ಒದ್ದೆಯಿದ್ದೂ ಬೆಳಗ್ಗೆ ಜೋತಿದ್ದರೆ ಬೇರು ಕೊಳೆತಿರಬೇಕು, ಇನ್ನೂ ನೀರು ಹಾಕಿ ಕೊಲ್ಲಬೇಡಿ.

ಇನ್ನೊಂದು, ಕುಂಡದ ಅಳತೆ. ಮೆಣಸಿನ ಗಿಡಕ್ಕೆ 10–12 ಲೀಟರ್, ಟೊಮೇಟೊ, ಬದನೆಗೆ 20 ಲೀಟರ್ ಮಣ್ಣು ಹಿಡಿಯುವ ಕುಂಡ ಇದ್ದರೆ ಬೇಸಿಗೆ ದಾಟಿಸೋದು ಸುಲಭ. ಚಿಕ್ಕ ಕುಂಡದಲ್ಲಿ ನೀವು ದಿನವಿಡೀ ನೀರು ಹಾಕುತ್ತಲೇ ಇರಬೇಕಾಗುತ್ತದೆ. ಕಪ್ಪು ಕುಂಡವಾದರೆ ಬಿಸಿಲಿಗೆ ಮುಖ ಮಾಡಿದ ಬದಿಗೆ ತಿಳಿ ಬಣ್ಣದ ಬಟ್ಟೆ ಸುತ್ತಿ.

ಪ್ರಶ್ನೆ: ಸೌತೆ, ಹೀರೆ ಬಳ್ಳಿಗಳಲ್ಲಿ ರಾಶಿ ಹೂ. ಮಿಡಿ ಹೆಬ್ಬೆರಳಿನಷ್ಟಾಗುತ್ತದೆ, ಹಳದಿಯಾಗಿ ಉದುರುತ್ತದೆ. ಒಂದು ಕಾಯಿಯೂ ಕೈಗೆ ಸಿಕ್ಕಿಲ್ಲ.

ಪರಾಗಸ್ಪರ್ಶ ಆಗುತ್ತಿಲ್ಲ. ಈ ಬಳ್ಳಿಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೂವಿನ ಹಿಂದೆ ಪುಟ್ಟ ಕಾಯಿಯ ಆಕಾರ ಇದ್ದರೆ ಹೆಣ್ಣು, ಬರೀ ತೊಟ್ಟಿದ್ದರೆ ಗಂಡು. ಶುರುವಿನಲ್ಲಿ ಬರೋದು ಹೆಚ್ಚಾಗಿ ಗಂಡು ಹೂವೇ, ಅವು ಉದುರಿದರೆ ಗಾಬರಿ ಬೇಡ. ಮಿಡಿ ಉದುರುತ್ತಿದೆ ಅಂದರೆ ಜೇನುನೊಣ ಬರುತ್ತಿಲ್ಲ ಅಥವಾ ಸಾಲದು.

ಕೈಯಿಂದಲೇ ಮಾಡಬಹುದು. ಅದೇ ದಿನ ಅರಳಿದ ಗಂಡು ಹೂ ಕಿತ್ತು, ಎಸಳು ಬಿಡಿಸಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವಿನ ಅಂಟು ಭಾಗಕ್ಕೆ ಮೆಲ್ಲಗೆ ಸವರಿ. ಹೊತ್ತು ಮುಖ್ಯ, ಎಡವುವುದೂ ಇಲ್ಲೇ. ಸೌತೆ, ಕುಂಬಳ ಬೆಳಗ್ಗೆ ಅರಳುತ್ತವೆ, ಹತ್ತು ಗಂಟೆಯೊಳಗೆ ಮುಗಿಸಿ. ಹೀರೆ, ಸೋರೆ ಸಂಜೆ ಅರಳುವಂಥವು. ಬೆಳಗ್ಗೆ ಹೋಗಿ ಹೀರೆ ಹೂವಿಗೆ ಏನು ಮಾಡಿದರೂ ಪ್ರಯೋಜನ ಕಡಿಮೆ, ಸಂಜೆ ಹೊತ್ತು ಇಳಿಯುವಾಗ ಹೋಗಿ. ಮಿಡಿ ಕೆಳಮುಖವಾಗಿ ಬಾಗಿ ದಪ್ಪವಾಗತೊಡಗಿದರೆ ಕಾಯಿ ಕಟ್ಟಿತು ಅಂತ ಲೆಕ್ಕ.

ಮಿಡಿಯ ಮೇಲೆ ಸೂಜಿ ಚುಚ್ಚಿದಂಥ ಗುರುತು, ಅಲ್ಲಿಂದ ಅಂಟು ಒಸರುವುದು ಕಂಡರೆ ಅದು ಹಣ್ಣಿನ ನೊಣ ಮೊಟ್ಟೆಯಿಟ್ಟ ಜಾಗ. ಅಂಥ ಮಿಡಿಗಳನ್ನು ಕಿತ್ತು ಚೀಲದಲ್ಲಿ ಕಟ್ಟಿ ಎಸೆಯಿರಿ, ಬುಡದಲ್ಲೇ ಬಿಟ್ಟರೆ ಹುಳ ಮಣ್ಣಿಗಿಳಿದು ಮತ್ತೆ ನೊಣವಾಗಿ ಬರುತ್ತದೆ. ಕಾಯಿ ಕಟ್ಟಿದ ಮೇಲೆ ಕಾಗದದ ಚೀಲ ತೊಡಿಸಿದರೆ ಬಚಾವ್.

ಸೋರೆಕಾಯಿ ಬೆಳೆಸುವವರೆಲ್ಲರಿಗೂ ಒಂದು ಮಾತು. ಅಡುಗೆಗೆ ಮೊದಲು ಒಂದು ಚೂರು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಉಗಿದು, ಇಡೀ ಕಾಯಿ ಎಸೆಯಿರಿ. ಕುಕುರ್ಬಿಟಾಸಿನ್ ಅನ್ನುವ ಆ ಕಹಿ ವಿಷ, ಬೇಯಿಸಿದರೂ ಹೋಗುವುದಿಲ್ಲ, ಕಹಿ ಸೋರೆ ರಸ ಕುಡಿದು ಪ್ರಾಣ ಹೋದದ್ದೂ ಇದೆ. ಸೌತೆಯ ತುದಿಯ ಸಣ್ಣ ಕಹಿ ಬೇರೆ, ಆ ಭಾಗ ಕತ್ತರಿಸಿ ತೆಗೆದರೆ ಆಯಿತು. ಇಡೀ ಸೌತೆ ವಿಪರೀತ ಕಹಿಯಿದ್ದರೆ ಅದನ್ನೂ ಎಸೆಯಿರಿ.

ಪ್ರಶ್ನೆ: ಬೆಂಡೆಕಾಯಿ ನಾರಾಗುತ್ತದೆ. ತಳಿ ಸರಿಯಿಲ್ಲವಾ?

ತಳಿ ಅಲ್ಲ, ಕೀಳೋದು ತಡ. ಹೂ ಅರಳಿದ ನಾಲ್ಕರಿಂದ ಆರು ದಿನಕ್ಕೆ ಕಾಯಿ ಕೀಳಬೇಕು. ತುದಿ ಮುರಿದರೆ ಪಟ್ ಅಂತ ಮುರಿಯಬೇಕು, ಬಾಗಿದರೆ ಬಲಿತಿದೆ. ದಿನ ಬಿಟ್ಟು ದಿನ ಗಿಡ ನೋಡಿ. ಬಲಿತದ್ದನ್ನು ಗಿಡದಲ್ಲೇ ಬಿಟ್ಟರೆ ಹೊಸ ಕಾಯಿ ಕಡಿಮೆಯಾಗುತ್ತದೆ.

ಪ್ರಶ್ನೆ: ಬದನೆ ಗಿಡ ಚೆನ್ನಾಗಿದೆ, ಆದರೆ ಅಲ್ಲೊಂದು ಇಲ್ಲೊಂದು ಚಿಗುರು ಮಾತ್ರ ಬಾಡಿ ನೇತಾಡುತ್ತದೆ. ನೀರಿನ ಕೊರತೆಯಾ?

ನೀರಿನ ಕೊರತೆಯಾದರೆ ಇಡೀ ಗಿಡ ಬಾಡಬೇಕಲ್ವಾ? ಬಾಡಿದ ಆ ಚಿಗುರನ್ನು ಕೆಳಗಿನಿಂದ ಒಂದು ಗೇಣು ಕತ್ತರಿಸಿ ಸೀಳಿ ನೋಡಿ. ಒಳಗೆ ಟೊಳ್ಳು, ಕಪ್ಪು ಹಿಕ್ಕೆ, ಕೊನೆಗೆ ತಿಳಿ ಗುಲಾಬಿ ಬಣ್ಣದ ಹುಳ. ಸುಳಿ ಮತ್ತು ಕಾಯಿ ಕೊರಕ. ಚಿಗುರು ಮುಗಿದ ಮೇಲೆ ಕಾಯಿಗೆ ಇಳಿಯುತ್ತದೆ, ಒಮ್ಮೆ ಕಾಯಿ ಹೊಕ್ಕರೆ ಯಾವ ಸಿಂಪಡಣೆಯೂ ಅದಕ್ಕೆ ತಾಗುವುದಿಲ್ಲ. ಬಾಡಿದ ಚಿಗುರು ಕಂಡ ದಿನವೇ ಕತ್ತರಿಸಿ, ಹುಳ ಸಮೇತ ನಾಶ ಮಾಡಿ. ಮನೆಯ ನಾಲ್ಕಾರು ಗಿಡಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ಪ್ರಶ್ನೆ: ಕ್ಯಾಪ್ಸಿಕಂ ಪೂರ್ತಿ ಬೆಳೆದು ವಾರಗಳಾದರೂ ಹಸಿರಾಗೇ ಇದೆ. ಟೊಮೇಟೊ ಹಣ್ಣಾದರೂ ಹಳದಿ ಕಿತ್ತಳೆಯಲ್ಲೇ ನಿಂತಿದೆ. ಕೆಂಪಾಗಲು ಏನು ಹಾಕಲಿ?

ಮತ್ತೆ ಅದೇ ಪ್ರಶ್ನೆ! ಹಸಿರು ಕ್ಯಾಪ್ಸಿಕಂ ಅಂದರೆ ಇನ್ನೂ ಹಣ್ಣಾಗದ ಕಾಯಿ. ಪೂರ್ತಿ ಗಾತ್ರಕ್ಕೆ ಬಂದ ಮೇಲೂ ಬಣ್ಣ ತಿರುಗಲು ಇನ್ನೂ ಎರಡು ಮೂರು ವಾರ, ಕೆಲವು ತಳಿಗಳಿಗೆ ಅದಕ್ಕಿಂತ ಜಾಸ್ತಿ ಬೇಕು. ಅಷ್ಟು ದಿನ ಗಿಡದಲ್ಲಿ ಬಿಟ್ಟರೆ ಸಿಹಿ ಹೆಚ್ಚು, ಒಟ್ಟು ಕಾಯಿ ಕಡಿಮೆ. ಯಾವುದು ಬೇಕು ಅನ್ನೋದು ನಿಮಗೆ ಬಿಟ್ಟಿದ್ದು. ಬಿಸಿಲಿಗೆ ನೇರ ಒಡ್ಡಿದ ಬದಿಯಲ್ಲಿ ಬೆಳ್ಳಗೆ, ಕಾಗದದಂತೆ ತೆಳ್ಳಗಿನ ಕಲೆ ಬಂದಿದ್ದರೆ ಅದು ಬಿಸಿಲಿನ ಸುಟ್ಟಗಾಯ, ಅಂಥ ಕಾಯಿ ಕಾಯುತ್ತಾ ಕೂರದೆ ಕಿತ್ತು ಬಳಸಿ. ಇದೇ ಕಾರಣಕ್ಕೆ ಬೇಸಿಗೆಯಲ್ಲಿ ಕಾಯಿ ಮುಚ್ಚುವ ಎಲೆಗಳನ್ನು ಸವರಬೇಡಿ.

ಟೊಮೇಟೊ ಕೆಂಪಾಗಲು ಲೈಕೋಪೀನ್ ಅನ್ನುವ ಕೆಂಪು ಬಣ್ಣದ ವಸ್ತು ಬೇಕು. ಸುಮಾರು 30 ಡಿಗ್ರಿ ದಾಟಿದರೆ ಅದು ಸರಿಯಾಗಿ ತಯಾರಾಗುವುದಿಲ್ಲ, ಹಳದಿ ಬಣ್ಣ ಮಾತ್ರ ಉಳಿಯುತ್ತದೆ. ಬಣ್ಣ ತಿರುಗಲು ಶುರುವಾದ ಕೂಡಲೇ ಕಿತ್ತು ಮನೆಯೊಳಗೆ ತಂಪಾದ ಕಡೆ ಇಡಿ. ಫ್ರಿಜ್‌ನಲ್ಲಿ ಬೇಡ. ಕಿಟಕಿಯ ಬಿಸಿಲೂ ಬೇಡ, ಹಣ್ಣಾಗಲು ಬೆಳಕಿನ ಅಗತ್ಯವಿಲ್ಲ.

ಪ್ರಶ್ನೆ: ಅಡುಗೆಗೆ ತಂದ ಹಸಿರು ಕ್ಯಾಪ್ಸಿಕಂ ಬೀಜ ಬಿತ್ತಿದೆ. ತಿಂಗಳಾಯಿತು, ಮೊಳಕೆ ಇಲ್ಲ.

ಬರುವುದೂ ಕಷ್ಟ. ಕಾಯಿ ಹಸಿರು ಅಂದರೆ ಬೀಜ ಬಲಿತಿಲ್ಲ. ಪೂರ್ತಿ ಕೆಂಪೋ ಹಳದಿಯೋ ಆದ ಹಣ್ಣಿನಿಂದ ತೆಗೆದು, ನೆರಳಿನಲ್ಲಿ ವಾರ ಒಣಗಿಸಿ. ಮಾರಾಟಕ್ಕೆ ಬರುವ ಕ್ಯಾಪ್ಸಿಕಂ ಹೆಚ್ಚಾಗಿ ಹೈಬ್ರಿಡ್, ಗಿಡ ಬಂದರೂ ಕಾಯಿ ತಾಯಿಯಂತೆಯೇ ಇರುತ್ತದೆ ಅಂತ ಹೇಳಲಾಗದು. ಪ್ರಯೋಗಕ್ಕೆ ಅಡ್ಡಿಯಿಲ್ಲ, ನಂಬಿಕೊಂಡು ಕೂರಬೇಡಿ.

ಮಣ್ಣು 25–30 ಡಿಗ್ರಿ ಬೆಚ್ಚಗಿದ್ದರೆ ಒಳ್ಳೆಯ ಬೀಜ ಒಂದರಿಂದ ಎರಡು ವಾರದಲ್ಲಿ ಮೊಳೆಯುತ್ತದೆ, ಚಳಿಯಿದ್ದರೆ ಇನ್ನೂ ತಡ. ಅರ್ಧ ಸೆಂಟಿಮೀಟರ್ ಆಳ ಸಾಕು. ಸಸಿಯನ್ನು ನೇರ ಬಿಸಿಲಿಗೆ ಒಯ್ಯಬೇಡಿ, ವಾರದ ಮಟ್ಟಿಗೆ ದಿನಾ ಸ್ವಲ್ಪ ಸ್ವಲ್ಪವೇ ಬಿಸಿಲು ಜಾಸ್ತಿ ಮಾಡುತ್ತಾ ಹೋಗಿ, ನೆಡುವುದು ಸಂಜೆ. ಉಳಿದ ಬೀಜವನ್ನು ಗಾಳಿಯಾಡದ ಡಬ್ಬಿಯಲ್ಲಿ ತಂಪಾದ, ಒಣ ಜಾಗದಲ್ಲಿಟ್ಟರೆ ಎರಡು ಮೂರು ವರ್ಷ ಬಾಳುತ್ತದೆ. ಡಬ್ಬಿಯ ಮೇಲೆ ತಳಿ, ವರ್ಷ ಬರೆದಿಡಿ, ಎಲ್ಲ ಮೆಣಸಿನ ಬೀಜವೂ ನೋಡಲು ಒಂದೇ.